ಉಣ್ಣಲಾರದ ಬಾಯಿಗೆ ದಾಸೋಹ: ಮುಪ್ಪಿನ ಬೆಕ್ಕಿನ ಆರೈಕೆಯ ಕುರಿತು



ಹಸಿದು ಬಂದವರಿಗೆ ಉಣಬಡಿಸುವುದೇ ದಾಸೋಹವೆಂಬುದು ನಮಗೆಲ್ಲ ತಿಳಿದ ಮಾತು. ಆದರೆ ಒಡಲಿನಲ್ಲಿ ಹಸಿವಿದ್ದೂ ಉಣ್ಣಲಾರದ, ಉಣ್ಣಲಾರೆನೆಂದು ಬಾಯಿಬಿಟ್ಟು ಹೇಳಲೂ ಬಾರದ ಜೀವವೊಂದು ನಮ್ಮ ಮನೆಯ ಮೂಲೆಯಲ್ಲಿದ್ದರೆ ಅದಕ್ಕೆ ಮಾಡುವ ದಾಸೋಹ ಯಾವುದು? ಮುಪ್ಪಿನ ಬೆಕ್ಕು ಅನ್ನ ಬಿಟ್ಟು ಮಲಗಿದಾಗ ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಬಹಳ ಬೇಗ ಆರಿಯೂ ಹೋಗುತ್ತದೆ. ಅದು ಹಾಗೆ ಆರಬಾರದೆಂಬುದೇ ಈ ಲೇಖನದ ಅಭಿಪ್ರಾಯ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಒಂದು, "ವಯಸ್ಸಾಯಿತು, ಇನ್ನೇನು ಮಾಡಲಾದೀತು?" ಎರಡು, "ಅದಕ್ಕೆ ತನ್ನ ಕಾಲ ತಿಳಿದಿದೆ, ಉಪವಾಸ ಹಿಡಿದಿದೆ." ಮೂರು, "ಹಾಲು ಅನ್ನ ಮುಂದಿಟ್ಟಿದ್ದೇವೆ, ತಿನ್ನದಿದ್ದರೆ ನಮ್ಮ ತಪ್ಪೇನು?" ಈ ಮೂರು ಮಾತುಗಳಲ್ಲಿ ನಿಷ್ಠುರತೆಯಿಲ್ಲ, ನಿಜ. ಆದರೆ ಮೂರೂ ನಮ್ಮ ಮನಸ್ಸಿಗೆ ಸಮಾಧಾನ ಕೊಡುವ ಮಾತುಗಳೇ ಹೊರತು ಬೆಕ್ಕಿಗೆ ಒದಗುವ ಮಾತುಗಳಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ನಾವು ಇತರರಿಗೆ ಹೇಳುತ್ತೇವೆ. ಇಲ್ಲಿ ಕಣ್ಣು ಮುಚ್ಚಿಕೊಂಡವರು ನಾವೇ ಆಗಿರುತ್ತೇವೆ.

ನಮ್ಮ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಬೆಕ್ಕು ಅಲಂಕಾರದ ಪ್ರಾಣಿಯಲ್ಲ. ಜೋಳದ ಚೀಲ, ತೊಗರಿಯ ಚೀಲಗಳನ್ನು ಇಲಿ ಹೆಗ್ಗಣಗಳಿಂದ ಕಾಯುವುದು ಅದರ ಕಾಯಕ. ಕೂಲಿ ಕೇಳದೆ, ರಜೆ ಕೇಳದೆ ಹತ್ತು ಹದಿನೈದು ವರ್ಷ ಆ ಕಾಯಕ ಮಾಡಿದ ಜೀವವದು. ಹತ್ತು ವರ್ಷದ ಬೆಕ್ಕು ಮನುಷ್ಯರ ಲೆಕ್ಕದಲ್ಲಿ ಸುಮಾರು 56 ವರ್ಷದವರಿಗೆ ಸಮ, ಹದಿನೈದು ವರ್ಷದ್ದು ಸುಮಾರು 76 ವರ್ಷದವರಿಗೆ ಸಮವೆಂದು ಪಶುವೈದ್ಯರು ಹೇಳುತ್ತಾರೆ. ಹಲ್ಲು ಸವೆದು, ಕೀಲು ನೊಂದು, ಇಲಿಯ ಹಿಂದೆ ಓಡಲಾರದ ಆ ಮುಪ್ಪಿನಲ್ಲಿ ಅದರ ಕಾಯಕ ಮುಗಿಯುತ್ತದೆ, ನಮ್ಮ ಕಾಯಕ ಆರಂಭವಾಗುತ್ತದೆ.

ಇದು ಹೊಸ ವಿಚಾರವೇನಲ್ಲ. ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯನ್ನು ದಾಸೋಹದ ನೆಲೆಯಾಗಿಸಿದ ಮಹಾದಾಸೋಹಿ ಶರಣಬಸವೇಶ್ವರರು ಹೊಲ ಕಾಯಲು ಕುಳಿತಾಗ ಹಕ್ಕಿಗಳನ್ನು ಓಡಿಸದೆ, ತೆನೆ ತಿಂದ ಹಕ್ಕಿಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂಬ ಕಥೆ ನಮ್ಮ ಭಾಗದಲ್ಲಿ ಮನೆಮಾತಾಗಿದೆ. ಭೀಮಾ ಅಮರಜಾ ಸಂಗಮದ ಗಾಣಗಾಪುರದಲ್ಲಿ ಶ್ರೀ ದತ್ತನು ಇಂದಿಗೂ ಮಧ್ಯಾಹ್ನದ ಭಿಕ್ಷೆಗೆ ಯಾವುದೋ ರೂಪದಲ್ಲಿ ಬರುತ್ತಾನೆಂದು ನಂಬಿ ಭಕ್ತರು ಮಧುಕರಿ ನೀಡುತ್ತಾರೆ, ತಾವೂ ಜೋಳಿಗೆ ಹಿಡಿದು ಬೇಡುತ್ತಾರೆ. ದತ್ತನ ಚಿತ್ರದಲ್ಲಿ ಹಸುವಿದೆ, ನಾಲ್ಕು ನಾಯಿಗಳಿವೆ. ಗುರುಚರಿತ್ರೆಯಲ್ಲಿ ಇದೇ ಗಾಣಗಾಪುರದ ಬಡವನೊಬ್ಬನ ಮನೆಯ ಮುದಿ ಬಂಜೆ ಎಮ್ಮೆಯ ಪ್ರಸಂಗ ಬರುತ್ತದೆ. ಹಾಲು ಕೊಡದೆಂದು ಎಲ್ಲರೂ ಕೈಬಿಟ್ಟ ಆ ಎಮ್ಮೆಯ ಹಾಲನ್ನೇ ಗುರು ನೃಸಿಂಹ ಸರಸ್ವತಿಯವರು ಭಿಕ್ಷೆಯಾಗಿ ಕೇಳುತ್ತಾರೆ. ಪವಾಡವನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಡದ ಮುದಿ ಪ್ರಾಣಿಯ ಮೇಲೆ ಗುರುವಿನ ದೃಷ್ಟಿ ಬಿತ್ತೆಂಬುದು ಎರಡೂ ಪಂಗಡದವರು ಗಮನಿಸಬೇಕಾದ ಸಂಗತಿ. ಪಂಥ ಬೇರೆಯಾದರೂ ಈ ನೆಲ ಕಲಿಸಿದ ಪಾಠ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಕ್ಕು ಉಪವಾಸ ಹಿಡಿಯುತ್ತದೆಯೇ? ಶಿವರಾತ್ರಿಯ ದಿನ ನಾವು ಮಾಡುವ ಉಪವಾಸ ಸಂಕಲ್ಪದಿಂದ ಕೂಡಿದ್ದು. ಅದರ ಹಿಂದೆ ಅರಿವಿದೆ, ಮರುದಿನದ ಪಾರಣೆಯ ಭರವಸೆಯೂ ಇದೆ. ಬೆಕ್ಕಿನ ನಿರಾಹಾರದ ಹಿಂದೆ ಇರುವುದು ರೋಗ, ಇಲ್ಲವೇ ನೋವು, ಇಲ್ಲವೇ ಭಯ. ಅದನ್ನು ವೈರಾಗ್ಯವೆಂದು ಕರೆಯುವುದು ಆ ಮೂಕ ಜೀವದ ಸಂಕಟಕ್ಕೆ ನಾವು ಹೊದಿಸುವ ಕಾವಿಬಟ್ಟೆಯಷ್ಟೇ.

ಬೆಕ್ಕಿನ ಶರೀರವು ಉಪವಾಸವನ್ನು ತಾಳುವಂತೆ ರಚಿತವಾಗಿಲ್ಲ. ಮನುಷ್ಯನಾಗಲಿ ನಾಯಿಯಾಗಲಿ ಕೆಲವು ದಿನ ಅನ್ನವಿಲ್ಲದೆ ಇರಬಲ್ಲವು. ಬೆಕ್ಕು ಉಣ್ಣುವುದನ್ನು ಬಿಟ್ಟರೆ ದೇಹದ ಕೊಬ್ಬು ಕರಗಿ ಯಕೃತ್ತಿಗೆ ಬಂದು ಸೇರುತ್ತದೆ. ಯಕೃತ್ತು ಅದನ್ನು ಅರಗಿಸಲೂ ಆರದೆ, ಹೊರಗೆ ಕಳಿಸಲೂ ಆರದೆ ತಾನೇ ಕೊಬ್ಬಿನಿಂದ ತುಂಬಿ ಸೋಲುತ್ತದೆ. ಎರಡು ಮೂರು ದಿನಗಳಿಂದ ಒಂದು ವಾರದೊಳಗೆ ಈ ಸ್ಥಿತಿ ಒದಗಬಹುದು. ದಪ್ಪನಾಗಿದ್ದ ಬೆಕ್ಕುಗಳಿಗೆ ಅಪಾಯ ಇನ್ನೂ ಹೆಚ್ಚು. ಒಸಡು, ಕಣ್ಣಿನ ಬಿಳಿಭಾಗ, ಕಿವಿಯ ಒಳಚರ್ಮ ಹಳದಿಯಾಗುವುದು ಕಾಮಾಲೆಯ ಲಕ್ಷಣ. ಹೀಗೆ ಆದ ಮೇಲೆ ಬೆಕ್ಕಿಗೆ ಹಸಿವೆಯೇ ಹುಟ್ಟುವುದಿಲ್ಲ. ಮೊದಲು ರೋಗದಿಂದ ಅನ್ನ ಬಿಟ್ಟ ಪ್ರಾಣಿ ಈಗ ಅನ್ನ ಬಿಟ್ಟದ್ದರಿಂದಲೇ ಮತ್ತೊಂದು ರೋಗಕ್ಕೆ ಬೀಳುತ್ತದೆ. ಆದುದರಿಂದ "ನಾಲ್ಕು ದಿನ ನೋಡೋಣ" ಎಂಬ ಮಾತು ಬೆಕ್ಕಿನ ವಿಷಯದಲ್ಲಿ ಸಲ್ಲದು. ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ವೈದ್ಯರನ್ನು ಕೇಳಬೇಕು. ಎರಡನೆಯ ದಿನ ದಾಟಗೊಡಬಾರದು.

ಅನ್ನ ಬಿಡಲು ಕಾರಣಗಳೇನು? ಮುಪ್ಪೇ ಒಂದು ರೋಗವಲ್ಲ. ಮುಪ್ಪಿನಲ್ಲಿ ಬರುವ ರೋಗಗಳಿವೆ, ಅವುಗಳಲ್ಲಿ ಹಲವಕ್ಕೆ ಉಪಚಾರವೂ ಇದೆ. ವಯಸ್ಸಾದ ಬೆಕ್ಕುಗಳಲ್ಲಿ ಬಹು ಸಾಮಾನ್ಯವಾದುದು ಮೂತ್ರಪಿಂಡದ ದೌರ್ಬಲ್ಯ. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ಮೈ ಇಳಿಯುವುದು, ವಾಂತಿ, ಬಾಯಿಯ ದುರ್ವಾಸನೆ ಇವು ಅದರ ಗುರುತುಗಳು. ಎರಡನೆಯದು ಹಲ್ಲು ಒಸಡುಗಳ ನೋವು. ಬೆಕ್ಕು ತಟ್ಟೆಯ ಬಳಿಗೆ ಬರುತ್ತದೆ, ಮೂಸುತ್ತದೆ, ಒಂದು ತುತ್ತು ಹಿಡಿದು ಬಿಟ್ಟುಬಿಡುತ್ತದೆ, ಜೊಲ್ಲು ಸುರಿಸುತ್ತದೆ. ನಾವು ಅದನ್ನು ಸೊಕ್ಕೆನ್ನುತ್ತೇವೆ, ಆದರೆ ಅದು ನೋವು. ಮಲಬದ್ಧತೆ, ಸಕ್ಕರೆ ಕಾಯಿಲೆ, ಗಡ್ಡೆಗಳು, ಕೀಲುನೋವು, ಮೂಗು ಕಟ್ಟುವುದು ಇವೂ ಕಾರಣಗಳಾಗಬಹುದು. ಬೆಕ್ಕು ಆಹಾರವನ್ನು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ವಾಸನೆ ಸಿಗದಿದ್ದರೆ ಎಂಥ ಆಹಾರವೂ ಅದಕ್ಕೆ ಬರಿಯ ಮಣ್ಣು.

ತೂಕವನ್ನು ನೋಡುವುದನ್ನು ಎಲ್ಲರೂ ಕಲಿಯಬೇಕು. ಮೂರೂವರೆ ಕಿಲೋ ಇದ್ದ ಬೆಕ್ಕು ಮೂರು ಕಿಲೋಗೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಅರವತ್ತು ಕಿಲೋ ತೂಕದ ಮನುಷ್ಯನು ಎಂಟು ಕಿಲೋಗಿಂತ ಹೆಚ್ಚು ಕಳೆದುಕೊಂಡಂತೆ. ಬುಟ್ಟಿಯಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ, ಬುಟ್ಟಿಯ ತೂಕ ಕಳೆದು ಬರೆದಿಟ್ಟರೆ ಸಾಕು. ಅನ್ನ ಪೂರ್ಣ ಬಿಡುವುದಕ್ಕೆ ತಿಂಗಳುಗಳ ಮೊದಲೇ ಅದು ಎಚ್ಚರಿಕೆ ನೀಡುತ್ತದೆ.

ವೈದ್ಯರನ್ನು ಕಾಣುವವರೆಗೆ ಮನೆಯಲ್ಲಿ ಮಾಡಬಹುದಾದ ಸೇವೆ ಸರಳವಾದುದು. ಮೂಗು ಕಟ್ಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಆಹಾರವನ್ನು ಮೈಬಿಸಿಯಷ್ಟು, ಅಂದರೆ 38 ಡಿಗ್ರಿಯಷ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಒಂದೆರಡು ಚಮಚೆಯಷ್ಟು ಮೆತ್ತನೆಯ ಆಹಾರವನ್ನು ದಿನಕ್ಕೆ ಐದಾರು ಬಾರಿ ಇಡಬೇಕು. ಕೀಲು ನೋಯುವ ಬೆಕ್ಕಿಗೆ ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಟ್ಟರೆ ಕತ್ತು ಬಗ್ಗಿಸುವ ಕಷ್ಟ ತಪ್ಪುತ್ತದೆ. ಮಕ್ಕಳ ಗದ್ದಲ, ನಾಯಿಯ ಕಾಟ ಇಲ್ಲದ ಮೂಲೆ ಬೇಕು. ಬೆರಳಿನ ತುದಿಯಲ್ಲಿ ಹಿಡಿದು ನೆಕ್ಕಿಸಿದರೆ ಅನೇಕ ಬೆಕ್ಕುಗಳು ಆರಂಭಿಸುತ್ತವೆ. ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವಂಥದು. ತಂಪಾದ ನೆಲ, ಎರಡು ಮೂರು ಕಡೆ ಸ್ವಚ್ಛ ನೀರು ಆಗ ಔಷಧಿಗಿಂತ ಕಡಿಮೆಯಲ್ಲ.

ಮಾಡಬಾರದ ಕೆಲಸಗಳನ್ನೂ ಒತ್ತಿ ಹೇಳಬೇಕಾಗಿದೆ. ಜ್ವರ, ನೋವಿಗೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ. ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಯಾವ ಸಾರನ್ನೂ ಕೊಡಬಾರದು, ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಕರ್ಪೂರವೂ ಬೆಕ್ಕಿಗೆ ಒಗ್ಗದು. ಆದುದರಿಂದ ರೋಗದ ಬೆಕ್ಕನ್ನು ದೇವರ ಕೋಣೆಯ ಹೊಗೆಯಿಂದ ದೂರವಿಡುವುದು ಲೇಸು. ಬಾಯಿ ಬಿಡಿಸಿ ಗಂಜಿಯನ್ನೋ ಹಾಲನ್ನೋ ಸುರಿಯುವುದಂತೂ ಬೇಡವೇ ಬೇಡ. ಅದು ಶ್ವಾಸಕೋಶಕ್ಕೆ ಇಳಿಯಬಹುದು, ಉಳಿದರೂ ಬೆಕ್ಕು ಆ ಆಹಾರವನ್ನು ಶಾಶ್ವತವಾಗಿ ದ್ವೇಷಿಸಬಹುದು. ಔಷಧಿಯನ್ನು ಊಟದಲ್ಲಿ ಕಲಸುವುದರಿಂದಲೂ ಇದೇ ತೊಂದರೆ. ಬಾಯಿ ತೆರೆದು ಉಸಿರಾಡುವ ಬೆಕ್ಕು, ಮೂತ್ರಕ್ಕೆಂದು ತಿಣುಕಿ ಹನಿಯೂ ಬಾರದ ಗಂಡು ಬೆಕ್ಕು ಇವು ಗಳಿಗೆಯೂ ಕಾಯಬಾರದ ಪ್ರಸಂಗಗಳು.

ಇನ್ನು ನಮ್ಮ ಭಕ್ತರ ಮನಸ್ಸನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಬರೋಣ. ಹಾಲನ್ನ, ಮೊಸರನ್ನ ಬಿಟ್ಟರೆ ಬೇರೇನು ಕೊಡುವುದು? ಲಿಂಗಪೂಜೆ ನಡೆಯುವ ಮನೆಯಲ್ಲಿ ಮಾಂಸಾಹಾರ ತರುವುದೆಂತು? ಈ ಸಂಕೋಚ ಗೌರವಕ್ಕೆ ಅರ್ಹವಾದುದು. ಆದರೆ ಬೆಕ್ಕಿನ ಪ್ರಕೃತಿಯನ್ನೂ ತಿಳಿಯಬೇಕು. ಬೆಕ್ಕು ಮಾಂಸದಿಂದಲೇ ಬದುಕುವಂತೆ ಹುಟ್ಟಿದ ಪ್ರಾಣಿ. ಟಾರಿನ್ ಎಂಬ ಸತ್ವ ದೊರೆಯದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸೋಲುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಆ ಸತ್ವ ಮಾಂಸದಲ್ಲಿದೆ, ಜೋಳದಲ್ಲಿಯೂ ಬೇಳೆಯಲ್ಲಿಯೂ ಇಲ್ಲ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು, ಅದನ್ನು ಗ್ರಹಿಸುವ ವಂಶವಾಹಿ ಅದರಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಕಂಡುಕೊಳ್ಳಲಾಯಿತು. ನಾವು ಪ್ರೀತಿಯಿಂದ ಬೆಲ್ಲ ಬೆರೆಸಿ ಇಟ್ಟ ಹಾಲನ್ನ ಅದರ ನಾಲಿಗೆಗೆ ಬೆಲ್ಲವಿಲ್ಲದ ಹಾಲನ್ನವೇ. ಬೆಳೆದ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಹಾಗಾದರೆ ಹಾಲನ್ನ ತಿಂದೇ ಇಷ್ಟು ವರ್ಷ ಬದುಕಿತಲ್ಲ ಎಂದು ಕೇಳಬಹುದು. ಅದು ಬದುಕಿದ್ದು ಹಾಲನ್ನದಿಂದಲ್ಲ, ನಮ್ಮ ಕಣ್ಣು ತಪ್ಪಿಸಿ ಹಿಡಿದು ತಿಂದ ಇಲಿಗಳಿಂದ. ಇಲ್ಲಿಯೇ ನಮ್ಮ ಅಂತರಂಗವನ್ನು ಪರೀಕ್ಷಿಸಿಕೊಳ್ಳಬೇಕಾದ ಎಡೆಯಿದೆ. ನಮ್ಮ ಕಾಳು ಉಳಿಯುವುದಾದಾಗ ಅದರ ಬೇಟೆಯನ್ನು ನಾವು ಒಪ್ಪಿಕೊಂಡೆವು, ಆಗ ಆಚಾರ ಅಡ್ಡ ಬರಲಿಲ್ಲ. ಹಲ್ಲು ಹೋಗಿ ಬೇಟೆಯಾಡಲಾರದೆ ಅದು ನಮ್ಮ ಕೈ ನೋಡುವಾಗ ಮಾತ್ರ ಆಚಾರವನ್ನು ಮುಂದಿಡುವುದು ನ್ಯಾಯವೇ? ಸಸ್ಯಾಹಾರ ನಾವು ಅರಿತು ಸ್ವೀಕರಿಸಿದ ಶೀಲ. ದೀಕ್ಷೆ ಪಡೆದವರು ನಾವು, ಬೆಕ್ಕಲ್ಲ. ನಮ್ಮ ಶೀಲವನ್ನು ನಾವು ಪಾಲಿಸೋಣ. ಅದರ ಭಾರವನ್ನು ಅರಿಯದ ಜೀವದ ಮೇಲೆ ಹೊರಿಸುವುದು ಶೀಲವಾಗಲಾರದು.

ಎರಡನ್ನೂ ಉಳಿಸಿಕೊಳ್ಳುವ ದಾರಿಗಳಿವೆ. ಬೆಕ್ಕಿಗೆಂದೇ ಸಿದ್ಧಪಡಿಸಿದ ಪೊಟ್ಟಣದ ಆಹಾರ ಇಂದು ಪಟ್ಟಣಗಳಲ್ಲಿ ದೊರೆಯುತ್ತದೆ. ಅದಕ್ಕೆ ನಮ್ಮ ಒಲೆ, ಪಾತ್ರೆ ಬೇಕಾಗಿಲ್ಲ. ಪಡಸಾಲೆಯ ಹೊರಗೋ ಹಿತ್ತಲಿನಲ್ಲೋ ಬೇರೆ ತಟ್ಟೆ, ಬೇರೆ ಚಮಚೆ ಇಟ್ಟರಾಯಿತು. ಅದೂ ಕೂಡದೆಂಬ ಮನೆಯವರು ಮಾಂಸಾಹಾರಿಗಳಾದ ನೆರೆಯವರನ್ನು ಕೇಳಿಕೊಳ್ಳಬಹುದು. ಉಪ್ಪು, ಮಸಾಲೆ, ಉಳ್ಳಾಗಡ್ಡಿ ಹಾಕದೆ ಬೇಯಿಸಿದ ಒಂದು ಹಿಡಿ ಆಹಾರವನ್ನು ಮುದಿ ಬೆಕ್ಕಿಗೆಂದು ಕೇಳಿದರೆ ಇಲ್ಲವೆನ್ನುವವರು ನಮ್ಮ ಹಳ್ಳಿಗಳಲ್ಲಿ ವಿರಳ. ಭಿಕ್ಷೆ ಬೇಡುವುದನ್ನೇ ಭಕ್ತಿಯಾಗಿಸಿದ ಈ ನೆಲದಲ್ಲಿ ಒಂದು ಮೂಕ ಜೀವಕ್ಕಾಗಿ ಬೇಡಲು ನಾಚಿಕೆ ಏಕೆ?

ವೈದ್ಯರು ದೂರವೆಂಬ ಮಾತು ಸುಳ್ಳಲ್ಲ. ತಾಲ್ಲೂಕಿನ ಸರಕಾರಿ ಪಶು ಆಸ್ಪತ್ರೆಗಳಲ್ಲಿ ದನಕರು, ಕುರಿಮೇಕೆಗಳದೇ ಹೆಚ್ಚಿನ ಕೆಲಸ. 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಗಳೂ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವಂಥವು. ಗಾಣಗಾಪುರದಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ಅಲ್ಲಿಂದ ಬೀದರ ನೂರು ಕಿಲೋಮೀಟರಿಗೂ ಹೆಚ್ಚು. ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಆದರೂ ತಾಲ್ಲೂಕಿನ ಪಶುವೈದ್ಯರನ್ನು ಮೊದಲು ಕಾಣಬೇಕು. ನೀರಿನಂಶ ಕಳೆದುಕೊಂಡ ಬೆಕ್ಕಿಗೆ ಚರ್ಮದಡಿಯಲ್ಲಿ ದ್ರವ ಕೊಡುವುದು, ವಾಂತಿಯನ್ನೂ ನೋವನ್ನೂ ತಗ್ಗಿಸುವುದು ಅವರು ಮಾಡಬಲ್ಲ ಕೆಲಸ. ಹಸಿವೆ ಹುಟ್ಟಿಸುವ ಔಷಧಿಗಳೂ ಬಂದಿವೆ. ಬೆಕ್ಕಿನ ಕಿವಿಗೆ ಹಚ್ಚುವ ಮಿರ್ಟಾಜಪಿನ್ ಮುಲಾಮಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವನ್ನು ವೈದ್ಯರ ಮಾತಿನಂತೆಯೇ ಬಳಸಬೇಕು. ಕುತ್ತಿಗೆಯ ಬಳಿ ಅನ್ನನಾಳಕ್ಕೆ ನಳಿಕೆ ಇಟ್ಟು ಉಣಿಸುವ ಚಿಕಿತ್ಸೆಯಿಂದ ಯಕೃತ್ತು ಸೋತ ಬೆಕ್ಕುಗಳೂ ಅನೇಕ ಉಳಿದಿವೆ. ಅದು ದೊಡ್ಡ ಊರುಗಳಲ್ಲಿ ಸಾಧ್ಯ, ವೆಚ್ಚವೂ ಹೆಚ್ಚು. ಅದನ್ನು ಮಾಡಿಸಲಾಗದ ಬಡ ಕುಟುಂಬ ತಲೆ ತಗ್ಗಿಸಬೇಕಿಲ್ಲ. ದಾಸೋಹ ಇದ್ದುದರಲ್ಲಿ ನೀಡುವುದು, ಸಾಲ ಮಾಡಿ ಮೆರೆಯುವುದಲ್ಲ.

ಮನುಷ್ಯರ ಮಕ್ಕಳೇ ಹಸಿದಿರುವಾಗ ಬೆಕ್ಕಿನ ಚಿಂತೆ ಏಕೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ದೊಡ್ಡದೇ. ಆದರೆ ದಯೆಯು ಚೀಲದಲ್ಲಿಟ್ಟ ಜೋಳವಲ್ಲ, ಒಂದೆಡೆ ಅಳೆದು ಕೊಟ್ಟರೆ ಮತ್ತೊಂದೆಡೆ ಕಡಿಮೆಯಾಗಲು. ಮುದಿ ಬೆಕ್ಕಿನ ತಟ್ಟೆಯನ್ನು ಗಮನಿಸುವ ಮನೆಯವರೇ ಓಣಿಯ ಮುದುಕಿಯ ಒಲೆ ಉರಿಯಿತೇ ಎಂದು ವಿಚಾರಿಸುವವರೂ ಆಗಿರುತ್ತಾರೆ. ಮೇಲಾಗಿ ಇಲ್ಲಿ ಬೇಕಾದುದು ಹಣಕ್ಕಿಂತ ಲಕ್ಷ್ಯ. ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿಯು ಜೀವಿಗಳಲ್ಲಿ ಅನುಕಂಪ ತೋರುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಎಣಿಸಿದೆ. ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಕಲ್ಯಾಣದ ಶರಣರು ದಯೆಯಿಲ್ಲದೆ ಧರ್ಮವಿಲ್ಲವೆಂಬುದನ್ನು ಬಾಳಿ ತೋರಿಸಿದರು.

ಕೊನೆಯದಾಗಿ ಕಠಿಣವಾದ ಮಾತೊಂದಿದೆ. ಎಲ್ಲ ಬೆಕ್ಕುಗಳೂ ಮತ್ತೆ ಉಣ್ಣುವುದಿಲ್ಲ. ಮೂತ್ರಪಿಂಡ ಪೂರ್ಣ ಸೋತಾಗ, ಗಡ್ಡೆ ಮೈತುಂಬ ಹರಡಿದಾಗ ವೈದ್ಯರೇ ಇನ್ನು ಸಾಕೆನ್ನುತ್ತಾರೆ. ಆಗ ಹಟ ಹಿಡಿದು ಉಣಿಸುವುದು ಸೇವೆಯಾಗದು, ನಮ್ಮ ಮೋಹವಾಗುತ್ತದೆ. ನೋವು ತಗ್ಗಿಸಿ, ಒಣ ಹಾಸಿಗೆ ಕೊಟ್ಟು, ಬಾಯಿ ಒದ್ದೆ ಮಾಡಿ, ಬಳಿ ಕುಳಿತು ಕಳಿಸಿಕೊಡುವುದು ಒಂದು ದಾರಿ. ಸಂಕಟ ತಾಳಲಾರದಷ್ಟಾದರೆ ವೈದ್ಯರ ಕೈಯಿಂದ ನೋವಿಲ್ಲದ ಅಂತ್ಯ ಕೊಡಿಸುವುದು ಇನ್ನೊಂದು. ಇದರಲ್ಲಿ ಭಕ್ತರ ಮನಸ್ಸು ಎರಡಾಗುವುದು ಸಹಜ. ಎರಡೂ ದಾರಿಗಳಲ್ಲಿ ದಯೆಯಿದೆ, ಯಾವುದನ್ನು ಆರಿಸಿಕೊಂಡ ಮನೆಯನ್ನೂ ನಿಂದಿಸಬಾರದೆಂಬುದು ನಮ್ಮ ಅಭಿಪ್ರಾಯ. ನಿಂದ್ಯವಾದುದು ಮೂರನೆಯ ದಾರಿ. ಮನೆಯೊಳಗೆ ಸತ್ತರೆ ಅಶುಭವೆಂದು ಅಂಜಿ ಮುದಿ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ಹೊಲದಲ್ಲೋ ಹೊಳೆಯ ದಂಡೆಯಲ್ಲೋ ಬಿಟ್ಟು ಬರುವುದು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ಹೆದರುವ ಜನ, ಹಸಿದು ಬಿಸಿಲಲ್ಲಿ ಸಾಯಲು ಬಿಟ್ಟು ಬಂದದ್ದಕ್ಕೆ ಏನನ್ನೂ ತೆರಬೇಕಿಲ್ಲವೆಂದು ತಿಳಿದಿರುವುದು ಆಶ್ಚರ್ಯ. ಅಂಥ ಪಾಪಕ್ಕೆ ಯಾವ ಚಿನ್ನದಿಂದಲೂ ಪರಿಹಾರವಿಲ್ಲ. ತನ್ನವರ ನಡುವೆ ಸಾವು ಬಂದ ಮನೆ ಅಶುಭವಲ್ಲ.

ಆದುದರಿಂದ ಬಂಧುಗಳೇ, ನಿಮ್ಮ ಮನೆಯಲ್ಲಿ ಮುಪ್ಪಿನ ಬೆಕ್ಕೊಂದಿದ್ದರೆ ಇಂದು ಸಂಜೆ ಅದರ ತಟ್ಟೆಯನ್ನು ಒಮ್ಮೆ ನೋಡಿರಿ. ಇಟ್ಟ ಆಹಾರ ಹಾಗೆಯೇ ಉಳಿದಿದ್ದರೆ ನಾಳೆ ಬೆಳಗಿನವರೆಗೆ ಗಮನಿಸಿರಿ. ಆಗಲೂ ಉಳಿದಿದ್ದರೆ ಬುಟ್ಟಿಯಲ್ಲಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೊರಡಿರಿ.